ಬಿಡಾರದೊಳಗಿನ ಶಿಸ್ತು

ಸೈನ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕವಾಯತು. ಸಾಲಾಗಿ ನಿಂತ ಸಿಪಾಯಿಗಳು, ಒಂದೇ ಸಲ ಏಳುವ ಕಾಲು, ಒಂದೇ ಸಲ ತಿರುಗುವ ತಲೆ. ಈ ಶಿಸ್ತು ಹಗಲಿನದು. ಇದಕ್ಕೆ ನಿಯಮಗಳ ಪುಸ್ತಕವುಂಟು, ಹೊಣೆ ಹೊತ್ತ ಅಧಿಕಾರಿಯುಂಟು. ದೀಪವಾರಿದ ಮೇಲೆ ಬಿಡಾರದೊಳಗೆ ನಡೆಯುವ ಶಿಸ್ತು ಬೇರೊಂದುಂಟು. ಅದಕ್ಕೆ ಪುಸ್ತಕವಿಲ್ಲ. ಅದನ್ನು ನಡೆಸುವವರು ಅಧಿಕಾರಿಗಳೂ ಅಲ್ಲ. ಆರು ತಿಂಗಳೋ ಒಂದು ವರ್ಷವೋ ಮುಂಚೆ ಬಂದು ಸೇರಿದ ಜೊತೆಗಾರರು. ಹೊಸಬನನ್ನು ಹಳಬರು ಹಿಂಸಿಸಿ ಪಳಗಿಸುವ ಈ ಪದ್ಧತಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಅಮೆರಿಕಾ ದೇಶದ ಸೇನಾ ವಿದ್ಯಾಲಯವು ಹಡ್ಸನ್ ನದಿಯ ದಂಡೆಯಲ್ಲಿ ವೆಸ್ಟ್ ಪಾಯಿಂಟ್ ಎಂಬ ಸ್ಥಳದಲ್ಲಿ ೧೮೦೨ರಿಂದ ಇದೆ. ಹೊಸದಾಗಿ ಸೇರಿದವರಿಗೆ ಮೊದಲ ಬೇಸಗೆಯಲ್ಲಿ ಕೊಡುವ ತರಬೇತಿಗೆ ಅಲ್ಲಿನವರು ಇಟ್ಟ ಹೆಸರು ‘ಮೃಗಗಳ ಬಿಡಾರ’. ಮೃಗವೆಂದರೆ ಹೊಸಬನೇ ಹೊರತು ಅವನನ್ನು ಕಾಡುವವನಲ್ಲ! ೧೮೯೯ನೆಯ ಇಸವಿ ಜೂನ್ ತಿಂಗಳಲ್ಲಿ ಡಗ್ಲಾಸ್ ಮೆಕಾರ್ಥರ್ ಎಂಬ ಹತ್ತೊಂಬತ್ತು ವರ್ಷದ ತರುಣನು ಇಲ್ಲಿಗೆ ಬಂದನು. ೧೯೪೫ರಲ್ಲಿ ಜಪಾನಿನ ಶರಣಾಗತಿಯನ್ನು ಸ್ವೀಕರಿಸಿದ ಸೇನಾಪತಿ ಇವನೇ. ಆಗ ಇವನ ತಂದೆ ಫಿಲಿಪೈನ್ಸಿನಲ್ಲಿ ದೊಡ್ಡ ಸೇನಾಧಿಕಾರಿ. ಮಗನ ಅಪರಾಧವೂ ಅದೇ ಆಯಿತು. ಹಳಬರು ಅವನನ್ನು ಕರೆದು, ತಂದೆಯ ಪರಾಕ್ರಮಗಳನ್ನು ಪಾಠದಂತೆ ಒಪ್ಪಿಸೆನ್ನುವರು. ತೋಳುಗಳನ್ನು ಹದ್ದಿನ ರೆಕ್ಕೆಗಳಂತೆ ಚಾಚಿಸಿ, ಬಿದ್ದುಹೋಗುವವರೆಗೂ ಬಸ್ಕಿ ಹೊಡೆಸುವರು. ಒಂದು ರಾತ್ರಿ ಅವನು ಹೇಗೋ ಗುಡಾರವನ್ನು ಸೇರಿ ನೆಲಕ್ಕೆ ಕುಸಿದನು. ಕಾಲುಗಳು ಅವನ ಹತೋಟಿಯನ್ನು ಮೀರಿ ನೆಲವನ್ನು ಬಡಿಯತೊಡಗಿದುವು. ಗುಡಾರದ ಜೊತೆಗಾರನು ಮುಂದೆ ಹೇಳಿದ ಪ್ರಕಾರ, ಆಗ ಅವನು ಬೇಡಿದ್ದು ವೈದ್ಯನನ್ನಲ್ಲ. ಸದ್ದು ಹೊರಗೆ ಕೇಳಿಸದಂತೆ ಕಾಲ ಕೆಳಗೊಂದು ಕಂಬಳಿಯನ್ನು ಹಾಸೆಂದನು. ತಾನು ಕೂಗಿಕೊಂಡರೆ ಬಾಯಿಗೂ ಕಂಬಳಿಯನ್ನು ತುರುಕೆಂದನು.

ಈ ಸಂಗತಿಗಳು ಬಯಲಾದುದು ಮತ್ತೊಬ್ಬನ ಮರಣದಿಂದ. ವೆಸ್ಟ್ ಪಾಯಿಂಟನ್ನು ಕೆಲವೇ ತಿಂಗಳಲ್ಲಿ ಬಿಟ್ಟುಹೋಗಿದ್ದ ಯುವಕನೊಬ್ಬನು ೧೯೦೦ರ ಡಿಸೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡನು. ಹಳಬರು ಬಲವಂತವಾಗಿ ಕುಡಿಸಿದ ಮೆಣಸಿನಕಾಯಿಯ ರಸದಿಂದ ಅವನ ಗಂಟಲು ಕೆಟ್ಟಿತೆಂದು ಮನೆಯವರು ದೂರಿದರು. ಮರಣಕ್ಕೆ ಅದೇ ಕಾರಣವೆಂಬುದು ಸಿದ್ಧವಾಗಲಿಲ್ಲ. ಆದರೂ ದೇಶದಲ್ಲಿ ಕೋಲಾಹಲವೆದ್ದು, ಕಾಂಗ್ರೆಸ್ ಸಭೆಯ ಸಮಿತಿಯೊಂದು ೧೯೦೧ರ ಜನವರಿಯಲ್ಲಿ ವಿಚಾರಣೆಗೆ ಕುಳಿತಿತು. ಮೆಕಾರ್ಥರನೂ ಸಾಕ್ಷಿಯಾಗಿ ನಿಂತನು. ತನಗಾದುದನ್ನು ಆದಷ್ಟು ಹಗುರಮಾಡಿ ಹೇಳಿದನು. ಸ್ನಾಯುಗಳು ಸೆಟೆದುಕೊಂಡುವು, ಅಷ್ಟೇ ಎಂದನು. ಪೀಡಿಸಿದವರ ಹೆಸರುಗಳನ್ನು ಹೇಳುವುದಕ್ಕೆ ಹಿಂದೆಗೆದನು. ಪೀಡಿಸಿದವರನ್ನು ವಜಾ ಮಾಡಬೇಕೆಂದು ಅದೇ ವರ್ಷ ಕಾನೂನಾಯಿತು. ಹೊಸಬರು ಬಸ್ಕಿ ಹೊಡೆಯುವುದು ಮಾತ್ರ ನಿಲ್ಲಲಿಲ್ಲ.

ಏಟು ತಿಂದವನೇ ಹೊಡೆದವನನ್ನು ಕಾಪಾಡುವುದು ಏಕೆ? ಹೇಳಿಕೊಟ್ಟವನು ಹೇಡಿಯೆಂಬುದೇ ಬಿಡಾರದ ಧರ್ಮಶಾಸ್ತ್ರದ ಮೊದಲ ಸೂತ್ರ. ಇದು ಹುಡುಗರ ಮಾನಾಭಿಮಾನವೆಂದು ಮೆಚ್ಚಿಕೊಳ್ಳುವ ಹಿರಿಯರನ್ನು ನಾವು ಕಂಡಿದ್ದೇವೆ. ನಮಗೆ ತೋರುವಂತೆ ಈ ಮೌನದಿಂದ ಹೆಚ್ಚು ಲಾಭ ಪಡೆಯುವವನು ಹಳಬನೂ ಅಲ್ಲ, ಅಧಿಕಾರಿ. ಸಿಪಾಯಿಗಳ ತರಬೇತಿಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಒಬ್ಬನ ಬೂಟಿಗೆ ಹೊಳಪು ಸಾಲದಿದ್ದರೆ ದಳಕ್ಕೆ ದಳವೇ ಓಡಬೇಕು. ತರಬೇತುಗಾರನು ಕೈಯೆತ್ತುವುದಿಲ್ಲ, ಎತ್ತಿದರೆ ಅವನ ಕೆಲಸಕ್ಕೇ ಸಂಚಕಾರ. ರಾತ್ರಿಯಾದ ಮೇಲೆ ಉಳಿದವರು ಆ ಒಬ್ಬನ ಮೇಲೆ ಕಂಬಳಿಯನ್ನು ಮುಚ್ಚಿ ಅದುಮಿಹಿಡಿದು, ಟವೆಲಿನಲ್ಲಿ ಸುತ್ತಿದ ಸಾಬೂನಿನ ಗಟ್ಟಿಗಳಿಂದ ಬಡಿಯುತ್ತಾರೆ. ಅಮೆರಿಕಾದ ಸಿಪಾಯಿಗಳು ಇದನ್ನು ‘ಕಂಬಳಿಯ ಔತಣ’ವೆಂದು ಕರೆಯುತ್ತಾರೆ. ಹೊಡೆದವರು ಯಾರೆಂದು ಏಟು ತಿಂದವನಿಗೆ ಕಾಣುವುದಿಲ್ಲ. ಹೊಡೆಸಿದವರು ಯಾರೆಂದು ಹೊಡೆದವರಿಗೂ ತಿಳಿಯುವುದಿಲ್ಲ. ಬೆಳಗ್ಗೆ ಬೂಟು ಮಾತ್ರ ಹೊಳೆಯುತ್ತಿರುತ್ತದೆ.

ಅಧಿಕಾರಿಯು ಬಿಟ್ಟುಕೊಟ್ಟ ಅಧಿಕಾರವು ಎಲ್ಲಿಗೆ ಹೋಗಿ ಮುಟ್ಟುವುದೆಂಬುದಕ್ಕೆ ರಷ್ಯಾ ದೇಶವೇ ಸಾಕ್ಷಿ. ೧೯೬೭ರಲ್ಲಿ ಸೋವಿಯತ್ ಸರ್ಕಾರವು ಕಡ್ಡಾಯದ ಸೈನ್ಯಸೇವೆಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿ, ವರ್ಷಕ್ಕೆರಡು ಸಲ ಹುಡುಗರನ್ನು ಸೇರಿಸತೊಡಗಿತು. ಒಂದೇ ಬಿಡಾರದಲ್ಲಿ ಆರಾರು ತಿಂಗಳ ಅಂತರದ ನಾಲ್ಕು ತಲೆಮಾರುಗಳಾದುವು. ಕೊನೆಯ ಅರ್ಧವರ್ಷದವನು ‘ಅಜ್ಜ’. ಇಪ್ಪತ್ತು ವರ್ಷದ ಅಜ್ಜ! ಹೊಸಬನು ಅವನ ಹಾಸಿಗೆಯನ್ನು ಹಾಸಬೇಕು, ಬಟ್ಟೆಯನ್ನು ಒಗೆಯಬೇಕು, ಮನೆಯಿಂದ ಬಂದ ತಿಂಡಿಯನ್ನೂ ಹಣವನ್ನೂ ಒಪ್ಪಿಸಬೇಕು. ಸೇನೆಯನ್ನೇ ವೃತ್ತಿಯಾಗಿ ನಂಬಿದ ಅನುಭವಸ್ಥ ಸಾರ್ಜೆಂಟರ ವರ್ಗವೊಂದು ಅಲ್ಲಿರಲಿಲ್ಲ. ಅಧಿಕಾರಿಗಳು ಸಂಜೆಗೆ ಮನೆ ಸೇರುವರು. ರಾತ್ರಿಯ ರಾಜ್ಯ ಅಜ್ಜಂದಿರದು. ೧೯೮೯ರಲ್ಲಿ ಸಿಪಾಯಿಗಳ ತಾಯಂದಿರು ಸಮಿತಿ ಕಟ್ಟಿಕೊಂಡು ಬೀದಿಗೆ ಬಂದರು. ಆದರೂ ೨೦೦೬ರ ಹೊಸ ವರ್ಷದ ರಾತ್ರಿ ಚೆಲ್ಯಾಬಿನ್ಸ್ಕ್ ನಗರದ ಸೇನಾ ವಿದ್ಯಾಲಯವೊಂದರಲ್ಲಿ, ಸೇವೆಗೆ ಬಂದಿದ್ದ ಸಿಪಾಯಿಯೊಬ್ಬನನ್ನು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂಡಿಸಿ ಹಿಂಸಿಸಿದರು. ವೈದ್ಯರು ಅವನ ಎರಡು ಕಾಲುಗಳನ್ನೂ ಕತ್ತರಿಸಬೇಕಾಯಿತು. ಸಾರ್ಜೆಂಟನೊಬ್ಬನಿಗೆ ನಾಲ್ಕು ವರ್ಷದ ಸೆರೆಯಾಯಿತು. ೨೦೦೮ರಲ್ಲಿ ಸೇವೆಯ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದರು. ಅಜ್ಜನಾಗುವಷ್ಟು ಕಾಲವೇ ಯಾರಿಗೂ ಸಿಕ್ಕದಿರಲೆಂಬುದೂ ಅದರಲ್ಲಿ ಒಂದು ಎಣಿಕೆ.

ಯುದ್ಧವೇನು ಹೂವಿನ ಹಾಸಿಗೆಯೇ, ಸ್ವಲ್ಪ ಕಾಠಿಣ್ಯ ಬೇಡವೇ ಎಂದು ಕೇಳುವವರುಂಟು. ಕಾಠಿಣ್ಯ ಬೇಕು, ನಡುರಾತ್ರಿ ಎಬ್ಬಿಸಿ ಹೊರೆ ಹೊರಿಸಿ ಹತ್ತು ಮೈಲಿ ನಡೆಸುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಯುದ್ಧಕ್ಕೂ ಇದಕ್ಕೂ ಸಂಬಂಧವಿದ್ದಿದ್ದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿನಿಲಯಗಳಲ್ಲಿ ಇದು ನಡೆಯುವುದೇಕೆ? ನಮ್ಮ ಹುಡುಗರು ಯಾವ ಯುದ್ಧಕ್ಕೆ ಸಿದ್ಧರಾಗುತ್ತಿದ್ದಾರೆ? ಕರ್ನಾಟಕದ ೧೯೮೩ರ ಶಿಕ್ಷಣ ಕಾಯಿದೆಯಲ್ಲಿ ರ್‍ಯಾಗಿಂಗಿಗೆ ಶಿಕ್ಷೆಯುಂಟು. ಆ ಕಾಯಿದೆ ಬಂದ ಎಷ್ಟೋ ವರ್ಷಗಳ ಮೇಲೆ ನಾವು ವಿದ್ಯಾರ್ಥಿನಿಲಯವನ್ನು ಸೇರಿದುದು. ಮೊದಲ ವರ್ಷ ಅನುಭವಿಸಿದೆವು. ಎರಡನೆಯ ವರ್ಷ, ಸಂಕೋಚವಿಲ್ಲದೆ ಹೇಳಬೇಕಾದರೆ, ತೀರಿಸಿಕೊಂಡೆವು. ನಮಗೆ ಮಾಡಿದವರು ಯಾರೋ, ನಾವು ಮಾಡಿದುದು ಯಾರಿಗೋ! ಒಬ್ಬ ಹುಡುಗನು ಮೂರನೆಯ ದಿನ ಬೆಳಗಿನ ಬಸ್ಸಿಗೆ ಟ್ರಂಕನ್ನು ಹೊತ್ತುಕೊಂಡು ಊರಿಗೆ ಹೊರಟುಹೋದನು. ಅವನು ಓದನ್ನು ಮುಂದುವರಿಸಿದನೋ ಇಲ್ಲವೋ ನಾವು ವಿಚಾರಿಸಲಿಲ್ಲ. ಅವನ ಹೆಸರೂ ಈಗ ನೆನಪಿಲ್ಲ. ಕಷ್ಟಪಟ್ಟು ಒಳಗೆ ಸೇರಿದ ಕೂಟವು ಎಷ್ಟೇ ಸಪ್ಪೆಯಾಗಿದ್ದರೂ ಮನುಷ್ಯನಿಗೆ ಅದು ಸೊಗಸಾಗಿ ಕಾಣುವುದೆಂದು ೧೯೫೯ರಲ್ಲಿ ಅಮೆರಿಕಾದ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಯೋಗಮಾಡಿ ತೋರಿಸಿದ್ದಾರೆ. ಅದನ್ನು ಓದಿದಾಗ ನಮ್ಮ ಆ ದಿನಗಳ ಸಂತೋಷದ ಬೆಲೆ ನಮಗೆ ಗೊತ್ತಾಯಿತು.

ಮೆಕಾರ್ಥರನ ಕಥೆಗೆ ಉತ್ತರಭಾಗವೊಂದಿದೆ. ೧೯೧೯ರಲ್ಲಿ ಅವನೇ ವೆಸ್ಟ್ ಪಾಯಿಂಟಿಗೆ ಮುಖ್ಯಾಧಿಕಾರಿಯಾಗಿ ಬಂದನು. ಹಿಂದಿನ ವರ್ಷವಷ್ಟೇ ಅವನು ಫ್ರಾನ್ಸಿನ ರಣರಂಗದಲ್ಲಿ, ಅಂಗಡಿಯನ್ನೂ ಹೊಲವನ್ನೂ ಬಿಟ್ಟುಬಂದ ಸಾಮಾನ್ಯ ಪ್ರಜೆಗಳನ್ನು ನಡೆಸಿದ್ದನು. ಅಂಥವರನ್ನು ಗದರಿಕೆಯಿಂದ ನಡೆಸಲಾಗದೆಂಬುದು ಅವನಿಗೆ ಮನವರಿಕೆಯಾಗಿತ್ತು. ಅವನು ಉಪದೇಶ ಮಾಡುತ್ತ ಕೂಡಲಿಲ್ಲ. ‘ಮೃಗಗಳ ಬಿಡಾರ’ವನ್ನು ಹಳೆಯ ವಿದ್ಯಾರ್ಥಿಗಳ ಕೈಯಿಂದ ಕಿತ್ತು ಸೈನ್ಯದ ಅಧಿಕಾರಿಗಳಿಗೆ ವಹಿಸಿದನು. ಹಳಬರು ಮುನಿದರು. ಓದು ಮುಗಿಸಿಹೋಗಿ ತಲೆ ನೆರೆತವರು ಇನ್ನೂ ಹೆಚ್ಚಾಗಿ ಮುನಿದರು. ತಾವು ಪಟ್ಟ ಪಾಡು ವ್ಯರ್ಥವಾಯಿತೆಂದು ಒಪ್ಪುವುದು ಯಾರಿಗೆ ತಾನೇ ಸುಲಭ? ೧೯೨೨ರಲ್ಲಿ ಅವನಿಗೆ ವರ್ಗವಾಯಿತು. ಅವನ ತರುವಾಯ ಬಂದ ಅಧಿಕಾರಿಯು ಹೊಸಬರನ್ನು ಮರಳಿ ಹಳಬರಿಗೆ ಒಪ್ಪಿಸಿದನು. ಮೊದಲ ವರ್ಷದವರನ್ನು ಬೇರೆಯೇ ಒಂದು ಕೀಳುವರ್ಗವಾಗಿ ನಡೆಸಿಕೊಳ್ಳುವ ಪದ್ಧತಿಯನ್ನು ವಿದ್ಯಾಲಯವು ಕೈಬಿಟ್ಟುದು ೧೯೯೦ರಲ್ಲಿ.