ಪರದೇಶದಿಂದ ಮರಳಿದವರು ಮತ್ತು ನಾವು
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸೌದಿಗೋ ದುಬೈಗೋ ಹೋಗುವವರಿಗೆ ಏನೇನು ಬೇಕೆಂದು ನಮಗೆಲ್ಲ ಗೊತ್ತು. ಪಾಸ್‌ಪೋರ್ಟ್, ಮೆಡಿಕಲ್, ವೀಸಾ, ಚೀಲದಲ್ಲಿ ಎರಡು ಡಬ್ಬಿ ಕರದಂಟು. ಬೀಳ್ಕೊಡಲು ಓಣಿಯ ಜನರೆಲ್ಲ ಸೇರುತ್ತಾರೆ. ಆದರೆ ಇಪ್ಪತ್ತು ವರ್ಷ ದುಡಿದು ಕಾಯಂ ಆಗಿ ಮರಳಿ ಬರುವವರಿಗೆ ಏನು ಬೇಕೆಂದು ಯಾರೂ ಕೇಳುವುದಿಲ್ಲ. ಊರಿಗೆ ಬಂದರಲ್ಲ, ಇನ್ನೇನು ಎನ್ನುತ್ತೇವೆ. ಇಂದು ನಾನು ಮಾತನಾಡುವುದು ಅವರ ಬಗ್ಗೆ.

ನನ್ನ ಅಬ್ಬಾ 1996ರಲ್ಲಿ ಚಾಲಕರಾಗಿ ಸೌದಿಗೆ ಹೋದರು. ಆಗ ನಾನು ಎರಡನೇ ಇಯತ್ತೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದರು. ಆ ಎರಡು ತಿಂಗಳು ಮನೆಯಲ್ಲಿ ಹಬ್ಬ. ಅಮ್ಮಿ ಅವರ ಊಟದ ತಾಟನ್ನು ಕೈಗೇ ತಂದು ಕೊಡುತ್ತಿದ್ದರು. 2018ರ ಜನವರಿಯಿಂದ ಅಲ್ಲಿ ಪರದೇಶಿ ಕೆಲಸಗಾರರಿಗಾಗಿ ಕಂಪನಿಗಳು ಕಟ್ಟಬೇಕಾದ ತಿಂಗಳ ಶುಲ್ಕ ಏರಿತು, ಅನೇಕರ ಕೆಲಸ ಹೋಯಿತು. ಅವರಲ್ಲಿ ಅಬ್ಬಾ ಕೂಡ ಒಬ್ಬರು.

ಮೊದಲ ತಿಂಗಳು ಸರಿಯಿತ್ತು. ಮೂರನೆಯ ತಿಂಗಳಿಗೆ ಮನೆಯಲ್ಲಿ ಮಾತು ಕಡಿಮೆಯಾಯಿತು. ತಮ್ಮದೇ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಚಹಾ ಬೇಕಾದರೆ ಕೆಮ್ಮುತ್ತಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟರೆ, "ಇವತ್ತು ರಜೆಯಲ್ಲವೇನು ಬೇಟಿ?" ಎನ್ನುತ್ತಿದ್ದರು. ಒಂದು ದಿನ ಕಿರಾಣಿ ಲೆಕ್ಕದ ವಹಿ ತೆರೆದು, ಇಷ್ಟು ಎಣ್ಣೆ ಯಾಕೆ ಎಂದು ಕೇಳಿದರು. ಅಮ್ಮಿ ಸೌಟು ಕೆಳಗಿಟ್ಟು, "ಇಪ್ಪತ್ತೆರಡು ವರ್ಷ ಈ ಮನೆ ನಡೆಸಿದ್ದು ಯಾರು?" ಎಂದರು. ಅಂದು ರಾತ್ರಿ ಇಬ್ಬರೂ ಉಣ್ಣಲಿಲ್ಲ.

ನಾನು ಆಗ ಅಮ್ಮಿಯ ಪಕ್ಷ ವಹಿಸಿದೆ. ಅದು ತಪ್ಪಲ್ಲ. ಆದರೆ ಅಬ್ಬಾ ಅವರಿಗೆ ಮಾಡಲು ಒಂದು ಕೆಲಸವೂ ಉಳಿದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ, ಇದು ನನ್ನ ತಪ್ಪು.

ಗಾಡಿ ಓಡಿಸೋಣವೆಂದರೆ ಇಲ್ಲಿಯ ಲೈಸೆನ್ಸ್ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಮತ್ತೆ ಪರೀಕ್ಷೆ ಕೊಡಬೇಕಾಯಿತು. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ, ಸ್ಟೇರಿಂಗ್ ಎಡಕ್ಕಿರುತ್ತದೆ, ಗೇರ್ ಬಲಗೈಗೆ. ಇಲ್ಲಿ ಎಲ್ಲವೂ ತಿರುಗುಮುರುಗು. ಅಬ್ಬಾ ಅವರ ಬಲಗೈ ಗೇರ್ ಹುಡುಕುತ್ತ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಹದಿನೆಂಟರ ಹುಡುಗರ ಜೊತೆ ಸರದಿಯಲ್ಲಿ ನಿಂತು ಬಂದ ದಿನ ಅವರು ಯಾರ ಮುಖವನ್ನೂ ನೋಡಲಿಲ್ಲ. ಹೋಗುವಾಗ ಮೂಡಲಗಿ ಗೋಕಾಕ ತಾಲೂಕಿನ ಊರಾಗಿತ್ತು, ಬರುವಾಗ ಅದೇ ಒಂದು ತಾಲೂಕಾಗಿತ್ತು. 2014ರಲ್ಲಿ ಬೆಳಗಾಂ ಹೋಗಿ ಬೆಳಗಾವಿ ಆಗಿತ್ತು. "ನಾನು ಬಿಟ್ಟುಹೋದ ಊರು ಇದಲ್ಲ" ಎಂದರು ಒಮ್ಮೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದ್ದು ನಿಮಗೆ ನೆನಪಿದೆ. ಆಗ ಓಣಿಯ ಹುಡುಗರು ಬಂದು, "ಚಾಚಾ, ಟೆಂಪೋ ಓಡಿಸುವವರು ಬೇಕು" ಎಂದರು. ನಾಲ್ಕು ದಿನ ಅಬ್ಬಾ ಜನರನ್ನೂ ಅನ್ನದ ಡೇಗುಗಳನ್ನೂ ಸಾಗಿಸಿದರು. ಐದನೆಯ ದಿನ ಮನೆಗೆ ಬಂದು ತಾವೇ ಸ್ಟೋವ್ ಹಚ್ಚಿ ಚಹಾ ಮಾಡಿ ಅಮ್ಮಿಗೂ ಒಂದು ಕಪ್ಪು ಕೊಟ್ಟರು. ಸಕ್ಕರೆ ಹೆಚ್ಚಾಗಿತ್ತು. ಅಮ್ಮಿ ಏನೂ ಅನ್ನಲಿಲ್ಲ.

ವಿದ್ಯಾರ್ಥಿಗಳೇ, ಜನವರಿ 9ನ್ನು ಪ್ರವಾಸಿ ಭಾರತೀಯ ದಿವಸವೆಂದು ಆಚರಿಸುವುದು ಏಕೆಂದು ಬಲ್ಲಿರಾ? 1915ರ ಆ ದಿನ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಮರಳಿದರು. 1893ರಲ್ಲಿ ಅವರು ಅಲ್ಲಿಗೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ಮುಸ್ಲಿಂ ವ್ಯಾಪಾರಿಯ ಕಂಪನಿಯ ಮೊಕದ್ದಮೆಗಾಗಿ. ಮರಳಿದಾಗ ಗೋಖಲೆಯವರು, ಒಂದು ವರ್ಷ ಸಾರ್ವಜನಿಕ ವಿಷಯಗಳಲ್ಲಿ ಮಾತನಾಡಬೇಡ, ದೇಶ ಸುತ್ತಿ ನೋಡು ಎಂದರು. ಅವರು ಹಾಗೆಯೇ ಮಾಡಿದರು. ಮರುವರ್ಷ, 1916ರಲ್ಲಿ, ನಮ್ಮ ಬೆಳಗಾವಿಗೂ ಬಂದರು. ಅಂಥವರಿಗೇ ಒಂದು ವರ್ಷ ಬೇಕಾಗಿದ್ದರೆ, ನಮ್ಮ ಚಾಚಾ, ಮಾಮುಗಳಿಗೆ ನಾವು ಒಂದು ತಿಂಗಳೂ ಕೊಡದೆ, "ಏನು ಧಂದೆ ಮಾಡ್ತೀರಿ?" ಎಂದು ಮಸೀದಿ ಮೆಟ್ಟಿಲಲ್ಲೇ ಕೇಳುತ್ತೇವಲ್ಲ!

ಇನ್ನು ಮಕ್ಕಳು. ಶಿಕ್ಷಕಿಯಾಗಿ ನನಗೆ ಹೆಚ್ಚು ಚಿಂತೆ ಇವರದು. 2017ರ ಜುಲೈಯಿಂದ ಸೌದಿಯಲ್ಲಿ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷವರ್ಷವೂ ಏರಿ 2020ಕ್ಕೆ 400 ಆಯಿತು. ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. 2020ರ ಮೇ ತಿಂಗಳಿಂದ ವಂದೇ ಭಾರತ್ ವಿಮಾನಗಳಲ್ಲಿ ಇನ್ನಷ್ಟು ಜನ ಬಂದರು. ಹೀಗೆ ಬಂದ ಒಬ್ಬ ಹುಡುಗ ನನ್ನ ತರಗತಿಗೆ ಸೇರಿದ. ಇಂಗ್ಲಿಷ್, ಹಿಂದಿ ಚೆನ್ನಾಗಿತ್ತು. ಮನೆಮಾತು ಉರ್ದು, ಆದ್ದರಿಂದ ಉರ್ದು ಓದುತ್ತಾನೆ ಎಂದುಕೊಂಡೆ. ಅವನು ಓದುತ್ತಿದ್ದುದು ಅರಬ್ಬಿ. ಅರಬ್ಬಿಯಲ್ಲಿಲ್ಲದ ಪೇ, ಟೇ, ಚೇ, ಗಾಫ್ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ. ನಾನು ಎಲ್ಲರೆದುರು, "ಮನೆಯಲ್ಲಿ ಮಾತಾಡುವ ಭಾಷೆಯೂ ಬರುವುದಿಲ್ಲವೇ?" ಎಂದೆ. ಆಮೇಲೆ ಹದಿನೈದು ದಿನ ಅವನು ಬಾಯಿ ತೆರೆಯಲಿಲ್ಲ. ಬಿಎಡ್‌ನಲ್ಲಿ ಕಲಿತದ್ದೆಲ್ಲ ಆ ಒಂದು ಮಾತಿಗೆ ಮಣ್ಣಾಯಿತು.

ಆ ಅಕ್ಷರಗಳನ್ನು ಕಲಿಯಲು ಅವನಿಗೆ ಬೇಕಾದದ್ದು ಒಂದೇ ವಾರ. ಕನ್ನಡಕ್ಕೆ ಒಂದು ವರ್ಷ ಹಿಡಿಯಿತು. ಕಾಗುಣಿತ ಬಂತು, ಒತ್ತಕ್ಷರ ಬಾರದು. 'ಅಣ್ಣ'ನನ್ನು 'ಅಣ' ಎಂದು ಬರೆಯುತ್ತಿದ್ದ. ಕೊನೆಗೆ ಕಲಿಸಿದವರು ಪುಸ್ತಕಗಳಲ್ಲ, ಬಸ್ಸುಗಳು. ನಿಲ್ದಾಣಕ್ಕೆ ಕರೆದೊಯ್ದು ಬೋರ್ಡ್ ಓದಿಸಿದೆ. ಹುಕ್ಕೇರಿಯ ಕಾಕ್ಕೆ ಕಾ ಒತ್ತು ಅವನು ಮರೆಯಲೇ ಇಲ್ಲ.

ಕಾಗದಪತ್ರಗಳ ಮಾತನ್ನೂ ಹೇಳಿಬಿಡುತ್ತೇನೆ. ಕಾಯಂ ಆಗಿ ಬಂದವರು ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಮಕ್ಕಳ ವರ್ಗಾವಣೆ ಪತ್ರ, ಅಂಕಪಟ್ಟಿಗಳನ್ನು ಅಲ್ಲಿಂದ ಹೊರಡುವ ಮೊದಲೇ ತರಬೇಕು. ಬಂದ ಮೇಲೆ ತರಿಸುವುದು ಕಷ್ಟ. ಹೊಸದಾಗಿ ಲೈಸೆನ್ಸ್ ಮಾಡಿಸುವವರಿಗೆ ಅಬ್ಬಾ ಇದ್ದಾರೆ.

ಸಂಸ್ಥೆಯವರು ಒಪ್ಪಿದರೆ ರವಿವಾರ ಹತ್ತರಿಂದ ಹನ್ನೆರಡರವರೆಗೆ ಒಂದು ಕೋಣೆ ಕೊಡಿ. ಮರಳಿ ಬಂದವರ ಮಕ್ಕಳಿಗೆ ಕನ್ನಡ, ಉರ್ದು ಎರಡನ್ನೂ ನಾನು ಕಲಿಸುತ್ತೇನೆ. ಪಿಯುಸಿ ವಿದ್ಯಾರ್ಥಿಗಳಲ್ಲಿ ಇಬ್ಬರು ಜೊತೆಗೆ ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿ ನನ್ನನ್ನು ಕಾಣಿರಿ.