ಕತ್ತಲೆ ಕಾಪಾಡಿದ ಚಿತ್ರಗಳು

ಗವಿ ಎಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಮೊದಲು ಹೊಳೆಯುವುದು ತಪಸ್ಸು, ಆಮೇಲೆ ದೇವರು. ಬೆಂಗಳೂರಿನ ಗವಿಪುರದಲ್ಲಿ ಗಂಗಾಧರೇಶ್ವರನು ನೆಲಸಿರುವುದು ಗವಿಯಲ್ಲಿ. ಬಾದಾಮಿಯ ಕೆಂಗಲ್ಲಿನ ಬೆಟ್ಟದಲ್ಲಿ ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಲೇಶನು ವಿಷ್ಣುವಿಗೆ ಸಮರ್ಪಿಸಿದ ಆಲಯವೂ ಗವಿಯೇ. ಆದರೆ ಬಾದಾಮಿ, ಅಜಂತ, ಎಲ್ಲೋರಗಳ ಗುಹೆಗಳು ಉಳಿಯಿಂದ ಕಡೆದವುಗಳು. ಮನುಷ್ಯನು ಬೇಕೆಂದು ಮಾಡಿಕೊಂಡವುಗಳು. ಈ ಹೊತ್ತು ನಾವು ಹೇಳಹೊರಟಿರುವುದು ನೀರು ಕೊರೆದ ಗವಿಗಳ ವಿಷಯ. ಅವುಗಳಲ್ಲಿಯೂ, ಬಹು ಪುರಾತನ ಕಾಲದಲ್ಲಿ ಮನುಷ್ಯನು ಒಳಹೊಕ್ಕು ಚಿತ್ರ ಬರೆದು ಹೋದ ಮೂರು ಗವಿಗಳ ವಿಷಯ.

ನೀರು ಬಂಡೆಯನ್ನು ಕೊರೆಯುವ ಬಗೆಯನ್ನು ಮೊದಲು ತಿಳಿಯಬೇಕು. ಮಳೆಯ ನೀರು ಗಾಳಿಯಿಂದ ಸ್ವಲ್ಪವನ್ನೂ, ಮಣ್ಣಿನಿಂದ ಬಹಳವನ್ನೂ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸುತ್ತ ಸಾಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬಿರುಕು ಓಣಿಯಾಗುತ್ತದೆ, ಓಣಿ ಮಂಟಪವಾಗುತ್ತದೆ. ಅಮೆರಿಕದ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯಲ್ಲಿ ಅಳೆದು ಗುರುತಿಸಿರುವ ದಾರಿಗಳ ಉದ್ದ 680 ಕಿಲೋಮೀಟರಿಗೂ ಹೆಚ್ಚು. ವಿಯಟ್ನಾಮಿನಲ್ಲಿ 2009ರಲ್ಲಿ ಅಳತೆ ಮಾಡಿದ ಸೋನ್ ದೂಂಗ್ ಗುಹೆಯೊಳಗೆ ಕಾಡೇ ಬೆಳೆದಿದೆ. ಇಷ್ಟನ್ನೂ ಮಾಡಿದ್ದು ತೊಟ್ಟಿಕ್ಕುವ ನೀರು, ಅದರಲ್ಲಿ ಬೆರೆತ ಒಂದು ವಾಯು. ಆ ವಾಯುವಿನ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮುಂದೆ ಅದರಿಂದ ಕೆಲಸವಿದೆ.

ಸ್ಪೇನ್ ದೇಶದ ಉತ್ತರ ಭಾಗದಲ್ಲಿ ಅಲ್ಟಮೀರ ಎಂಬ ಗವಿಯುಂಟು. ಸೌತುವೋಲ ಎಂಬ ಸದ್ಗೃಹಸ್ಥರು ಅಲ್ಲಿ ನೆಲವನ್ನು ಅಗೆದು ಶಿಲಾಯುಗದ ಆಯುಧಗಳನ್ನು ಹುಡುಕುತ್ತಿದ್ದರು. 1879ರಲ್ಲಿ ಒಂದು ದಿನ ಅವರ ಎಂಟು ವರ್ಷದ ಮಗಳು ಮರಿಯ ಜೊತೆಯಲ್ಲಿ ಹೋದಳು. ತಂದೆಯ ದೃಷ್ಟಿ ನೆಲದ ಮೇಲೆ. ಮಗು ತಲೆಯೆತ್ತಿ ಮಾಳಿಗೆಯನ್ನು ನೋಡಿತು. ಅಲ್ಲಿ ಬೈಸನ್ ಎಂಬ ಕಾಡುಗೂಳಿಗಳ ಹಿಂಡು ಕೆಂಪು ಕಪ್ಪು ಬಣ್ಣಗಳಲ್ಲಿ ಕಾಣಿಸಿತು. ಬಂಡೆ ಉಬ್ಬಿರುವಲ್ಲಿ ಗೂಳಿಯ ಮೈಯನ್ನು ಹೊಂದಿಸಿ ಬರೆದದ್ದರಿಂದ ಅವು ಕಲ್ಲಿನೊಳಗಿಂದ ಎದ್ದು ಬರುವಂತೆ ತೋರುತ್ತಿದ್ದುವು. ಇವು ಶಿಲಾಯುಗದವರ ಕೈಬರಹವೆಂದು ಸೌತುವೋಲರು 1880ರಲ್ಲಿ ಪುಸ್ತಕ ಬರೆದು ಸಾರಿದರು. ಪಂಡಿತರು ನಂಬಲಿಲ್ಲ. ಚಕಮಕಿ ಕಲ್ಲನ್ನು ಕೆತ್ತಿ ಬಾಳಿದ ಬೇಟೆಗಾರನಿಗೆ ಇಷ್ಟು ನಯವಾದ ಕೈಯಿರುವುದು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಇದು ಈಚಿನ ಯಾರೋ ಚಿತ್ರಕಾರನ ಮೋಸವೆಂಬ ಅಪವಾದವೂ ಹುಟ್ಟಿತು. ಸೌತುವೋಲರು 1888ರಲ್ಲಿ ಆ ಅಪವಾದವನ್ನು ಹೊತ್ತುಕೊಂಡೇ ತೀರಿಹೋದರು. ಅನಂತರ ಫ್ರಾನ್ಸಿನ ಗವಿಗಳಲ್ಲಿ ಇಂತಹವೇ ಚಿತ್ರಗಳು ಒಂದೊಂದಾಗಿ ದೊರೆತುವು. ವಿರೋಧಿಗಳಲ್ಲಿ ಮುಖ್ಯರಾಗಿದ್ದ ಕಾರ್ತಯಾಕ್ ಎಂಬ ಫ್ರೆಂಚ್ ವಿದ್ವಾಂಸರು 1902ರಲ್ಲಿ ತಮ್ಮ ತಪ್ಪನ್ನು ಅಚ್ಚಿನಲ್ಲಿಯೇ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಓದಬೇಕಾಗಿದ್ದವರು ಮಾತ್ರ ಹದಿನಾಲ್ಕು ವರ್ಷಗಳ ಹಿಂದೆಯೇ ಇಲ್ಲವಾಗಿದ್ದರು.

ಎರಡನೆಯ ಗವಿ ಫ್ರಾನ್ಸಿನ ನೈರುತ್ಯ ಭಾಗದಲ್ಲಿರುವ ಲಾಸ್ಕೋ. 1940ನೆಯ ಇಸವಿ, ಸೆಪ್ಟೆಂಬರ್ 12. ದೇಶವು ಯುದ್ಧದಲ್ಲಿ ಸೋತು ಮೂರು ತಿಂಗಳೂ ತುಂಬಿರಲಿಲ್ಲ. ಮೋಂತಿನ್ಯಾಕ್ ಎಂಬ ಊರಿನ ಬಳಿಯ ಗುಡ್ಡದಲ್ಲಿ ರವಿದಾ ಎಂಬ ಹದಿನೆಂಟರ ತರುಣನೂ ಅವನ ಮೂವರು ಗೆಳೆಯರೂ ಒಂದು ಬಿಲವನ್ನು ಅಗಲ ಮಾಡಿ ಒಳಕ್ಕೆ ಜಾರಿದರು. ಸಣ್ಣ ದೀಪದ ಬೆಳಕಿನಲ್ಲಿ ಗೋಡೆಯ ತುಂಬ ಕುದುರೆಗಳು ಓಡುತ್ತಿದ್ದುವು. ಸಾರಂಗಗಳು ತಲೆಯೆತ್ತಿ ನಿಂತಿದ್ದುವು. 5 ಮೀಟರಿಗೂ ಉದ್ದವಾದ ಒಂದು ಗೂಳಿ ಮಾಳಿಗೆಯ ಅಂಚಿನಲ್ಲಿ ಹರಡಿಕೊಂಡಿತ್ತು. ಹುಡುಗರು ತಮ್ಮ ಊರಿನ ಉಪಾಧ್ಯಾಯರಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಬ್ರೂಯಿ ಎಂಬ ಪಂಡಿತ ಪಾದ್ರಿಗಳು ಬಂದು ನೋಡಿ ನಿಜವೆಂದರು. ಅಲ್ಟಮೀರಕ್ಕೆ ಆದ ಅನ್ಯಾಯ ಲಾಸ್ಕೋವಿಗೆ ಆಗಲಿಲ್ಲ.

ಈ ಚಿತ್ರಗಳು ಸುಮಾರು 17,000 ವರ್ಷಗಳಷ್ಟು ಹಳೆಯವು. ಬಣ್ಣಗಳು ಹೊರಗಿನಿಂದ ತಂದ ಮಣ್ಣು: ಕಬ್ಬಿಣದ ಅಂಶವುಳ್ಳ ಕೆಂಪು ಹಳದಿ ಮಣ್ಣು, ಮ್ಯಾಂಗನೀಸಿನ ಕಪ್ಪು. ದೀಪವೆಂದರೆ ಕುಳಿ ತೋಡಿದ ಕಲ್ಲಿನಲ್ಲಿ ಪ್ರಾಣಿಗಳ ಕೊಬ್ಬನ್ನು ಉರಿಸಿದ್ದು. ಗೋಡೆ ಎತ್ತರವಾಗಿದ್ದಲ್ಲಿ ಮರದ ಅಟ್ಟಣೆ ಕಟ್ಟಿಕೊಂಡಿದ್ದರೆಂದು ಗುರುತುಗಳಿಂದ ಊಹಿಸುತ್ತಾರೆ. ಹಗಲೆಂಬುದು ಎಂದೂ ಇಳಿಯದ ಸ್ಥಳದಲ್ಲಿ, ಇಷ್ಟು ಕಷ್ಟಪಟ್ಟು, ಯಾರಿಗಾಗಿ ಬರೆದರು? ಬೇಟೆಯ ಮಾಟವೆಂದು ಕೆಲವರು, ಪೂಜೆಯೆಂದು ಕೆಲವರು ಹೇಳಿದ್ದಾರೆ, ವಾದ ಮುಗಿದಿಲ್ಲ. ಪೇಟೆಯ ಚೌಕದಲ್ಲಿ ತೂಗುಹಾಕುವ ಪಟದಂತೆ ಎಲ್ಲರ ಕಣ್ಣಿಗೆಂದು ಬರೆದವುಗಳಲ್ಲ ಎಂಬುದಂತೂ ಸ್ಥಳವನ್ನು ಕಂಡರೆ ತಿಳಿಯುತ್ತದೆ.

ಯುದ್ಧ ಮುಗಿದ ಮೇಲೆ, 1948ರಲ್ಲಿ, ಲಾಸ್ಕೋವನ್ನು ಸಾರ್ವಜನಿಕರಿಗೆ ತೆರೆದರು. ಬಾಗಿಲನ್ನು ದೊಡ್ಡದು ಮಾಡಿದರು, ನೆಲವನ್ನು ತಗ್ಗಿಸಿ ಹಾದಿ ಹಾಕಿದರು, ವಿದ್ಯುದ್ದೀಪಗಳನ್ನು ಇಟ್ಟರು. ಗವಿಯನ್ನು ಕಂಡುಹಿಡಿದ ರವಿದಾ, ಅವನ ಗೆಳೆಯ ಮಾರ್ಸಾಲ್ ಇಬ್ಬರೂ ಬಂದವರಿಗೆ ದಾರಿ ತೋರಿಸುವ ಕೆಲಸಕ್ಕೆ ನಿಂತರು. ದಿನಕ್ಕೆ ಸಾವಿರಕ್ಕೂ ಮಿಕ್ಕ ಜನ ಬರತೊಡಗಿದರು. ಬಂದವರು ಯಾರೂ ಕೆಟ್ಟವರಲ್ಲ. ಗೋಡೆಯನ್ನು ಮುಟ್ಟಲಿಲ್ಲ, ಹೆಸರು ಕೆತ್ತಲಿಲ್ಲ. ಅವರು ಮಾಡಿದ ಅಪರಾಧ ಒಂದೇ: ಉಸಿರಾಡಿದರು.

ಇಲ್ಲಿ ಹಿಂದೆ ಹೇಳಿದ ವಾಯುವನ್ನು ಮತ್ತೆ ನೆನೆಯಬೇಕು. ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲ ವಾಯುವಿನ ಪ್ರಮಾಣ 10,000ಕ್ಕೆ ಸುಮಾರು 4 ಪಾಲು. ನಾವು ಬಿಡುವ ಉಸಿರಿನಲ್ಲಿ 100ಕ್ಕೆ ಸುಮಾರು 4 ಪಾಲು. ಎಂದರೆ ನೂರು ಮಡಿ. ಉಸಿರಿನೊಡನೆ ನೀರಾವಿಯೂ ಹೊರಡುತ್ತದೆ. ಒಬ್ಬ ಮನುಷ್ಯನ ಮೈಯಿಂದ ನೂರು ವಾಟಿನ ದೀಪದಷ್ಟು ಕಾವು ಹೊರಡುತ್ತದೆ. ಆವಿ ತಣ್ಣನೆಯ ಗೋಡೆಯ ಮೇಲೆ ಬೆವರಾಗಿ ಕೂರುತ್ತದೆ. ಆ ಬೆವರು ವಾಯುವನ್ನು ಹೀರಿ ಹುಳಿಯಾಗುತ್ತದೆ. ಹುಳಿ ಸುಣ್ಣಕಲ್ಲನ್ನು ಸವೆಯಿಸುತ್ತದೆ. ಗವಿಯನ್ನು ಕೊರೆದ ಉಪಾಯವೇ ಗವಿಯ ಚಿತ್ರವನ್ನು ಅಳಿಸುವ ಉಪಾಯವಾಯಿತು; ಮಳೆ ಯುಗಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಪ್ರೇಕ್ಷಕರು ವರ್ಷಗಳಲ್ಲಿ ಮಾಡಹತ್ತಿದರು. ಅದರ ಮೇಲೆ, ದೀಪದ ಬೆಳಕಿಗೆ ಹಸುರು ಪಾಚಿ ಹಬ್ಬಿತು. ಸುಣ್ಣದ ಹರಳುಗಳು ಬಿಳಿಯ ಪೊರೆಯಾಗಿ ಬೆಳೆದುವು. 1963ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಆಜ್ಞೆಯಂತೆ ಬಾಗಿಲು ಮುಚ್ಚಿತು. ಸಾವಿರಾರು ವರ್ಷ ಕೆಡದೆ ಇದ್ದುದು ಹದಿನೈದು ವರ್ಷಗಳ ಆದರಕ್ಕೆ ಜರ್ಜರಿತವಾಯಿತು.

ಮುಚ್ಚಿದಮೇಲೂ ಗವಿಗೆ ಸಮಾಧಾನ ಸಿಕ್ಕಲಿಲ್ಲ. ಅಲುಗಾಡಿದ ಹವೆಯನ್ನು ಯಂತ್ರದಿಂದ ಸರಿಪಡಿಸಹೋದರು. ಹೊಸ ಯಂತ್ರವನ್ನು ಕೂಡಿಸಿದ ಸ್ವಲ್ಪ ಕಾಲದಲ್ಲಿಯೇ, 2001ರಲ್ಲಿ, ಬಿಳಿಯ ಬೂಷ್ಟು ನೆಲದ ಮೇಲೆಲ್ಲ ಎದ್ದಿತು. ಸುಟ್ಟ ಸುಣ್ಣ ಚೆಲ್ಲಿದರು, ಔಷಧ ಹಚ್ಚಿದರು. ಅದು ಹಿಂಜರಿಯುವ ವೇಳೆಗೆ ಕಪ್ಪು ಕಲೆಗಳು ಕಾಣಿಸಿಕೊಂಡುವು. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಮೇವಾಗುವುದೆಂಬುದನ್ನು ವಿದ್ವಾಂಸರು ಇಲ್ಲಿ ಬೆಲೆ ಕೊಟ್ಟು ಕಲಿತರು. ಅಲ್ಟಮೀರದ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿ ಸುಮಾರು 13,000 ವರ್ಷಗಳ ಹಿಂದೆ ಬಂಡೆ ಕುಸಿದು ಗವಿಯ ಬಾಯಿ ಮುಚ್ಚಿದ್ದರಿಂದ ಚಿತ್ರಗಳು ಉಳಿದಿದ್ದುವು. 1970ರ ದಶಕದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮಿಕ್ಕ ಜನ ಹೋಗಿಬರಲಾಗಿ, 1977ರಲ್ಲಿ ಅದನ್ನೂ ಮುಚ್ಚಬೇಕಾಯಿತು.

ಮೂರನೆಯ ಗವಿ ಈ ಪಾಠದ ಫಲ. 1994ರ ಡಿಸೆಂಬರ್ 18ರಂದು ಫ್ರಾನ್ಸಿನ ಆರ್ದೇಶ್ ನದಿಯ ಕಣಿವೆಯಲ್ಲಿ ಶೊವೆ ಎಂಬವರೂ ಅವರ ಇಬ್ಬರು ಸಂಗಡಿಗರೂ ಕಲ್ಲುಗಳ ಸಂದಿಯಿಂದ ಬೀಸಿದ ಗಾಳಿಯ ಜಾಡನ್ನು ಹಿಡಿದು ಒಂದು ಗವಿಯನ್ನು ಹೊಕ್ಕರು. ಸಿಂಹಗಳ ಹಿಂಡು, ಖಡ್ಗಮೃಗಗಳು, ಒಂದರ ಹಿಂದೊಂದು ಚಾಚಿದ ಕುದುರೆಯ ತಲೆಗಳು; ಇವುಗಳಲ್ಲಿ ಹಳೆಯವು ಸುಮಾರು 36,000 ವರ್ಷದವು. ಸುಮಾರು 21,500 ವರ್ಷಗಳ ಹಿಂದೆ ಬಂಡೆ ಬಿದ್ದು ಬಾಗಿಲು ಮುಚ್ಚಿದ್ದರಿಂದ, ನೆಲದ ಮೇಲೆ ಕರಡಿಯ ಹೆಜ್ಜೆಗಳೂ ಒಬ್ಬ ಎಳೆಯನ ಹೆಜ್ಜೆಗಳೂ ಹಾಗೆಯೇ ಉಳಿದಿದ್ದುವು. ಕಂಡುಹಿಡಿದವರು ಆ ಹೆಜ್ಜೆಗಳನ್ನು ತುಳಿಯದಂತೆ ತಮ್ಮ ಹೆಜ್ಜೆಯನ್ನು ಎಣಿಸಿ ಇಟ್ಟರು. ಸರ್ಕಾರವು ಆ ಗವಿಯನ್ನು ಸಾರ್ವಜನಿಕರಿಗೆ ಒಂದು ದಿನವೂ ತೆರೆಯಲಿಲ್ಲ. ವಿದ್ವಾಂಸರೂ ವರ್ಷದಲ್ಲಿ ಕೆಲವೇ ವಾರ, ಹಾಕಿದ ಹಲಗೆಯ ಮೇಲೆಯೇ ನಡೆದು, ಕೆಲಸ ಮುಗಿಸಿ ಹೊರಬರಬೇಕು.

ಹಾಗಾದರೆ ಜನರಿಗೆ ಏನು ದೊರೆಯಿತು? ಪ್ರತಿಕೃತಿ ದೊರೆಯಿತು. ಲಾಸ್ಕೋವಿನ ಮುಖ್ಯ ಭಾಗಗಳನ್ನು ಹೋಲುವ ಗವಿಯನ್ನು 1983ರಲ್ಲಿಯೂ, ಅದಕ್ಕಿಂತ ಪೂರ್ಣವಾದುದನ್ನು 2016ರಲ್ಲಿಯೂ ಕಟ್ಟಿ ತೆರೆದರು. ಅಲ್ಟಮೀರಕ್ಕೆ 2001ರಲ್ಲಿ, ಶೊವೆಗೆ 2015ರಲ್ಲಿ ಇಂತಹವೇ ಆದುವು. ಪ್ರತಿಕೃತಿ ನಿಜವಲ್ಲವಲ್ಲ ಎಂದು ಆಕ್ಷೇಪಿಸುವವರುಂಟು. ಅವರ ಮಾತನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಮೂಲದ ಸನ್ನಿಧಿಯಲ್ಲಿ ನಿಂತಾಗ ಉಂಟಾಗುವ ಭಾವ ಪಡಿಯಚ್ಚಿನಲ್ಲಿ ಪೂರ್ತಿಯಾಗಿ ಬಾರದು. ಮನುಷ್ಯಕುಲದ ಆಸ್ತಿಯನ್ನು ನಾಲ್ಕು ಮಂದಿ ಪಂಡಿತರಿಗೆ ಮೀಸಲಿಡುವುದೂ ನ್ಯಾಯವಾಗಿ ತೋರದು. ಆದರೆ ಆ ಆಸ್ತಿಗೆ ಒಡೆಯರು ನಾವು ಮಾತ್ರವೇ? ಇನ್ನೂ ಹುಟ್ಟದವರಿಗೂ ಪಾಲುಂಟು. ಅವರು ಬಂದು ಕೇಳಲಾರರಾದುದರಿಂದ ಅವರ ಪಾಲನ್ನು ನಾವೇ ತೆಗೆದಿಡಬೇಕು. ನಮ್ಮ ದೇವಾಲಯಗಳಲ್ಲಿ ಮೂಲಮೂರ್ತಿ ಗರ್ಭಗುಡಿಯ ಕತ್ತಲೆಯಲ್ಲಿಯೇ ಉಳಿದು, ಬೀದಿಗೆ ಬರುವುದು ಉತ್ಸವಮೂರ್ತಿ. ಅದನ್ನು ಕಂಡು ಕೈಮುಗಿದವನ ಭಕ್ತಿ ಕಡಿಮೆಯದೆಂದು ಯಾರೂ ಎಣಿಸಿಲ್ಲ. ಲಾಸ್ಕೋವಿನ ಏರ್ಪಾಟು ನಮ್ಮವರಿಗೆ ಅರ್ಥವಾಗುವುದು ಕಷ್ಟವಲ್ಲ.

ಕಷ್ಟವಾದುದು ಬೇರೆ. 1819ರಲ್ಲಿ ಬೇಟೆಗೆ ಹೋದ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಅಧಿಕಾರಿಯು ಅಜಂತದ ಗುಹೆಗಳನ್ನು ಕಂಡು, ಅಲ್ಲಿಯ ಚಿತ್ರದ ಮೇಲೆಯೇ ತನ್ನ ಹೆಸರನ್ನೂ ತೇದಿಯನ್ನೂ ಗೀಚಿಹೋದನು. ಆ ಗೀಚು 10ನೆಯ ಗುಹೆಯ ಕಂಬದ ಮೇಲೆ ಉಳಿದಿದೆ. ಅವನನ್ನು ನಿಂದಿಸುವುದು ಸುಲಭ. ನಮ್ಮ ಊರುಗಳ ಹಳೆಯ ಮಂಟಪಗಳಲ್ಲಿ, ಕೋಟೆಯ ಗೋಡೆಗಳಲ್ಲಿ, ವೀರಗಲ್ಲುಗಳಲ್ಲಿ ಮಸಿಯಿಂದಲೂ ಮೊಳೆಯಿಂದಲೂ ಬರೆದ ಹೆಸರುಗಳು ಇಂಗ್ಲಿಷಿನವರವಲ್ಲ. ಲಾಸ್ಕೋವಿಗೆ ಹೋದವರು ಉಸಿರಿನಿಂದ, ಅರಿಯದೆ, ಕೆಡಿಸಿದರು; ಅರಿತು ಕೈಯಿಂದ ಕೆಡಿಸುವುದಕ್ಕೆ ಹೆಸರೇನು ಎಂಬುದನ್ನು ಶ್ರೋತೃಗಳೇ ಹೇಳಿಕೊಳ್ಳಲಿ. ನೋಡಬೇಕೆಂಬ ಆಸೆ ಒಳ್ಳೆಯದು. ನೋಡದೆ ಕೈಬಿಡಬೇಕಾದುದನ್ನು ಅರಿಯುವ ಸಂಯಮವೂ ವಿದ್ಯೆಯ ಒಂದು ಭಾಗ. ಅಂತಹ ಸಂಯಮವಿರುವವರೆಗೆ ಆ ಕುದುರೆಗಳು ಬರೆದವನು ಬಿಟ್ಟ ಕತ್ತಲೆಯಲ್ಲಿ ಓಡುತ್ತಲೇ ಇರುವುವು.