ವಾರಪತ್ರಿಕೆಯೂ ಕಾದಂಬರಿಯೂ

ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾಯುವ ಸುಖವನ್ನು ಓದುಗರೆಲ್ಲ ಬಲ್ಲರು. ಆ ಸುಖಕ್ಕಾಗಿ ಲೇಖಕರು ತೆರುವ ಬೆಲೆಯೇನು? ಚಾರ್ಲ್ಸ್ ಡಿಕನ್ಸ್ ನಡೆಸಿದ ಎರಡು ವಾರಪತ್ರಿಕೆಗಳ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

ಲಂಡನ್ನಿನಲ್ಲಿ 1850ರ ಮಾರ್ಚ್ 30ರಂದು 'ಹೌಸ್‌ಹೋಲ್ಡ್ ವರ್ಡ್ಸ್' ಹೊರಬಂದಿತು. ಬೆಲೆ ಎರಡು ಪೆನ್ನಿ. ಲೇಖನಗಳಿಗೆ ಬರೆದವರ ಹೆಸರಿರಲಿಲ್ಲ. ಪುಟಗಳ ನೆತ್ತಿಯ ಮೇಲೆ ಡಿಕನ್ಸನ ಹೆಸರೊಂದೇ. ಮಾರಾಟ ಕುಗ್ಗಿದಾಗ, 1854ರಲ್ಲಿ, ಅವನೇ 'ಹಾರ್ಡ್ ಟೈಮ್ಸ್' ಬರೆದನು. ತಿಂಗಳ ಕಂತಿನ ವಿಸ್ತಾರಕ್ಕೆ ಪಳಗಿದ ಕೈಗೆ ವಾರದ ಕಂತು ತೀರ ಇಕ್ಕಟ್ಟೆನಿಸಿತು.

ಅದರ ಬೆನ್ನಿಗೇ ಎಲಿಜಬೆತ್ ಗ್ಯಾಸ್ಕೆಲಳ 'ನಾರ್ತ್ ಅಂಡ್ ಸೌತ್' ಆರಂಭವಾಯಿತು. ಪ್ರತಿ ಕಂತನ್ನೂ ಕುತೂಹಲದ ತುದಿಯಲ್ಲಿ ನಿಲ್ಲಿಸುವುದು ಆಕೆಯ ಜಾಯಮಾನವಲ್ಲ. ಬರಹ ನಿಧಾನವಾಗಿ ಬೆಳೆಯುವಂಥದು. ಮೊಟಕುಗೊಳಿಸೆಂದು ಸಂಪಾದಕ ಒತ್ತಾಯಿಸಿದ, ಇಬ್ಬರಿಗೂ ಮನಸ್ತಾಪವಾಯಿತು. ಅವಸರದಲ್ಲಿ ಮುಗಿಸಬೇಕಾಗಿ ಬಂದ ಕೊನೆಯ ಭಾಗವನ್ನು ಆಕೆ 1855ರ ಪುಸ್ತಕದಲ್ಲಿ ವಿಸ್ತರಿಸಿದಳು.

ಆದರೆ ಇದೇ ಇಕ್ಕಟ್ಟಿನಿಂದ ಲಾಭವೂ ಆಗಿದೆ. ಡಿಕನ್ಸ್ 1859ರಲ್ಲಿ 'ಆಲ್ ದಿ ಇಯರ್ ರೌಂಡ್' ತೆರೆದನು. ಮರುವರ್ಷ ಚಾರ್ಲ್ಸ್ ಲೀವರನ ಕಾದಂಬರಿ ಓದುಗರಿಗೆ ಹಿಡಿಸದೆ ಪ್ರಸಾರ ಇಳಿಯತೊಡಗಿತು. ತಿಂಗಳ ಕಂತುಗಳಿಗೆಂದು ಯೋಚಿಸಿಟ್ಟಿದ್ದ ಕಥೆಯೊಂದನ್ನು ಡಿಕನ್ಸ್ ವಾರಕ್ಕೆ ಒಗ್ಗಿಸಿ, 1860ರ ಡಿಸೆಂಬರ್ 1ರಿಂದ ಪ್ರಕಟಿಸಿದನು. ಅದೇ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'. ಅದರ ಬಿಗಿ ಬಂಧಕ್ಕೆ ಪತ್ರಿಕೆಯ ಈ ಸಂಕಷ್ಟವೂ ಒಂದು ಕಾರಣ.

ಒಂದೇ ಅಳತೆಯ ಕಂತು ಒಬ್ಬರ ಕೃತಿಯನ್ನು ಮೊಟಕುಗೊಳಿಸಿತು, ಇನ್ನೊಬ್ಬರದನ್ನು ಹದಗೊಳಿಸಿತು. ಯಾವ ಬರಹಕ್ಕೆ ಎಷ್ಟು ಜಾಗ ಬೇಕೆಂದು ಅರಿಯುವುದೇ ಸಂಪಾದಕನ ವಿವೇಕ. ಡಿಕನ್ಸನಂಥವನಿಗೂ ಅದು ಎಲ್ಲ ಸಲವೂ ಸಾಧ್ಯವಾಗಲಿಲ್ಲ.